ಕಾರಿನ ಬಾಗಲಾ, ಗುಡಿ ಬಾಗಲಾ

ಇವತ್ತು ಹೋರಾಟದ ವರದಿ ಇಲ್ಲ, ಮನವಿ ಕೊಟ್ಟ ಫೋಟೋನೂ ಇಲ್ಲ. ಕಳೆದ ಭಾನುವಾರ ಹಳೇ ಹುಬ್ಬಳ್ಳಿಯ ನಮ್ಮ ಮನೆ ಮುಂದೆ ಕೂತು ಕಾರಿನ ಬಾಗಲದ ಲಾಕ್ ರಿಪೇರಿ ಮಾಡಿದೆವು. ಅದನ್ನ ಬರೀತೇನಿ. "ಅಣ್ಣಾರು ಬರಿಯಾಕ ಏನೂ ಸಿಗಲಾರ್ದಕ್ಕ ಕಾರಿನ ಸುದ್ದಿ ತಗದಾರ" ಅಂತ ಮುಂದ ಹೋಗಬ್ಯಾಡ್ರಿ. ಇದರೊಳಗ ಒಂದು ಗುಡಿ ಬಾಗಲದ ಸುದ್ದೀನೂ ಐತಿ.

ನನ್ನ ಕಾರು ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತು. ಎಷ್ಟೋ ಜನ ಅದನ್ನ ನೂಕಿದವರೇ ಇದ್ದೀರಿ. 2009ರ ಸಣ್ಣ ಕಾರು, ಇಬ್ಬರು ಓಡಿಸಿ ಬಿಟ್ಟಮೇಲೆ ನನಗೆ ಬಂದದ್ದು. ಕಂಪನಿ ಹೆಸರು ಬ್ಯಾಡ. ತಪ್ಪು ಕಂಪನಿದಲ್ಲ, ವಯಸ್ಸಿನದು. ಕಲಘಟಗಿ, ಕುಂದಗೋಳ, ನವಲಗುಂದ ಕಡೆ ಹಳ್ಳಿಗಳಿಗೆ ಮೀಟಿಂಗಿಗೆ ಹೋದರೆ ರಾತ್ರಿ ತಿರುಗಿ ಬರೂದಕ್ಕ ಬಸ್ ಸಿಗೂದಿಲ್ಲ. ಊರಾಗ ಜಗಳದ ಕಾವು ಇದ್ದಾಗ ಕೇರಿಯೊಳಗ ವಸ್ತಿ ಮಾಡಿದರೆ, ನಾವು ಮುಂಜಾನೆ ಹೊಂಟಮೇಲೆ ಆ ಸಿಟ್ಟು ನಮಗೆ ಅನ್ನ ಹಾಕಿದ ಮನೆಯವರ ಮ್ಯಾಲೆ ತಿರುಗತೈತಿ. ಹಂಗಾಗಿ ಸಾಲಾ ಮಾಡಿ ತಗೊಂಡೆ.

ಮೂರು ತಿಂಗಳಿಂದ ಅದರ ಡ್ರೈವರ್ ಬಾಗಲಾ ಹೊರಗಿನಿಂದ ತೆರೀತಿರಲಿಲ್ಲ. ಹ್ಯಾಂಡಲ್ ಎತ್ತಿದರೆ ಸಡಿಲಾಗಿ ಮ್ಯಾಲೆ ಬರ್ತಿತ್ತು, ಒಳಗ ಏನನ್ನೂ ಹಿಡೀತಿರಲಿಲ್ಲ. ಒಳಗಿನಿಂದ ಮಾತ್ರ ಚೊಲೋ ತೆರೀತಿತ್ತು. ಅದಕ್ಕೆ ಗ್ಲಾಸು ಅರ್ಧ ಇಳಿಸಿ ಕಾರು ನಿಲ್ಲಿಸೂದು, ತಿರುಗಿ ಬಂದು ಕೈ ಒಳಗ ಹಾಕಿ ಬಾಗಲಾ ತಗಿಯೂದು ರೂಢಿ ಮಾಡಿಕೊಂಡಿದ್ದೆ. ಕಳ್ಳರ ಭಯ ಇರಲಿಲ್ಲ. ಒಳಗ ಕರಪತ್ರ ಬಿಟ್ಟರೆ ಬ್ಯಾರೆ ಏನೂ ಇರ್ತಿರಲಿಲ್ಲ. ಒಂದು ಗ್ಯಾರೇಜಿನಾಗ ತೋರಿಸಿದ್ದೆ. "ಪೂರಾ ಸೆಟ್ ಬದಲಿ ಮಾಡಬೇಕ್ರಿ ಸರ್, ಕೂಲಿ ಸೇರಿ ಮೂರೂವರಿ ಸಾವಿರ" ಅಂದರು. ಮುಂದಿನ ತಿಂಗಳು ಮಾಡಿಸಿದರಾಯಿತು ಅಂತ ಮೂರು ತಿಂಗಳು ದೂಡಿದೆ.

ಹೋದ ವಾರ ಒಂದು ಹಳ್ಳಿಗೆ ಹೋಗಬೇಕಾಯಿತು. ಊರಿನ ಹೆಸರು ಈಗ ಬರೆಯೂದಿಲ್ಲ, ಕೇಸಿನ ವಿಷಯ ಐತಿ. ನಮ್ಮ ಕೇರಿಯ ಹೊಸಾ ಜೋಡಿ ಮದುವಿ ಮುಗಿಸಿಕೊಂಡು ಗುಡಿಗೆ ಕಾಯಿ ಒಡಸಾಕ ಹೋಗಿದ್ದರು. ಅವರು ಬರೂದನ್ನ ನೋಡಿ ಬಾಗಲಕ್ಕ ಕೀಲಿ ಹಾಕಿದರು. "ಕೀಲಿಕೈ ಪೂಜಾರಿ ಕಡೆ ಐತಿ, ಪೂಜಾರಿ ಊರಾಗಿಲ್ಲ" ಅಂದರು. ಪೂಜಾರಿ ಅಲ್ಲೇ ಕಟ್ಟಿ ಮ್ಯಾಲೆ ಕೂತಿದ್ದ. ಹುಡುಗಿ ಅರಿಷಿಣದ ಸೀರಿಯೊಳಗ ಒಂದು ತಾಸು ಬಿಸಲಾಗ ನಿಂತು, ಕಾಯಿ ಮೆಟ್ಟಲಾ ಮ್ಯಾಲೆ ಇಟ್ಟು ಮನೆಗೆ ಬಂದಳು.

ಮೀಟಿಂಗಿನಾಗ ಊರ ಹಿರಿಯರು ಭಾಳ ಸೌಮ್ಯ ಮಾತಾಡಿದರು. "ನಾವು ವರ್ಷಾ ಸಮಗಾರ ಹರಳಯ್ಯನ ಜಯಂತಿ ಮಾಡ್ತೇವ್ರಿ. ನಮ್ಮೊಳಗ ಭೇದ ಅನ್ನೂದು ಇಲ್ಲ." ನಾನು ಹರಳಯ್ಯನ ಕುಲದವನೇ. ಕಲ್ಯಾಣದಾಗ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವಿ ಆದದ್ದಕ್ಕೆ ಏನು ಶಿಕ್ಷೆ ಆಯಿತು ಅನ್ನೂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಸಂವಿಧಾನದ 17ನೇ ಕಲಂ ಹೇಳಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯೊಳಗ, ಸಾರ್ವಜನಿಕ ಪೂಜಾಸ್ಥಳಕ್ಕೆ ಹೋಗೂದನ್ನ ತಡೆದರೆ ಅದು ಅಪರಾಧ ಅಂತ ಬಿಡಿಸಿ ಬರೆದದ್ದನ್ನೂ ಹೇಳಿದೆ. ಕೇಳಿದರು. "ನೋಡೂಣ್ರಿ" ಅಂದರು. ಈ "ನೋಡೂಣ್ರಿ" ಅನ್ನೂ ಮಾತು ನೀವೆಲ್ಲಾ ಕೇಳಿದ್ದೇ.

ಹೊರಗ ಬಂದಾಗ ಮಳಿ. ಮಳಿ ಬರ್ತೈತಿ ಅಂತ ಗ್ಲಾಸು ಪೂರಾ ಏರಿಸಿ ಹೋಗಿದ್ದೆ. ಕಟ್ಟಿ ಮ್ಯಾಲೆ ಇಪ್ಪತ್ತು ಮಂದಿ ನಮ್ಮನ್ನೇ ನೋಡಿಕೋತ ಕೂತಿದ್ದರು. ಚಟದಂಗ ಹ್ಯಾಂಡಲ್ ಎತ್ತಿದೆ. ಬರಲಿಲ್ಲ. ಇನ್ನೊಮ್ಮೆ ಎತ್ತಿದೆ. ಆಗ ಕಟ್ಟಿ ಮ್ಯಾಲಿಂದ ಒಬ್ಬ ಅಂದ:

"ಏ, ತನ್ನ ಗಾಡಿ ಬಾಗಲಾ ತಗ್ಯಾಕ ಬರವಲ್ದು, ಗುಡಿ ಬಾಗಲಾ ತಗಸಾಕ ಬಂದಾನ ನೋಡ್ರಲೇ!"

ಎಲ್ಲಾರೂ ನಕ್ಕರು. ನಮ್ಮ ಕೇರಿಯ ಒಂದಿಬ್ಬರು ಹುಡುಗರೂ ನಕ್ಕುಬಿಟ್ಟು, ಆಮೇಲೆ ತಲಿ ಕೆಳಗ ಹಾಕಿದರು. ಅವರದೇನೂ ತಪ್ಪಿಲ್ಲ, ಮಾತು ಹಂಗೇ ಇತ್ತು. ನಾನು ಎಡಗಡೆ ಬಾಗಲಾ ತಗದು, ಗೇರಿನ ಮ್ಯಾಲಿಂದ ಒಂದು ಕಾಲು ಎತ್ತಿ ಹಾಕಿ, ಪಂಚಾಯ್ತಿ ಬಲ್ಬಿನ ಬೆಳಕಿನಾಗ ತೆವಳಿ ಹೋಗಿ ಸೀಟಿನ ಮ್ಯಾಲೆ ಕೂತೆ. ಮೂವತ್ತು ವರ್ಷದ ಹೋರಾಟದಾಗ ಕಲ್ಲು ತಿಂದೇನಿ, ಲಾಠಿ ತಿಂದೇನಿ. ಇಷ್ಟು ಸಣ್ಣಾಂವ ಎಂದೂ ಆಗಿರಲಿಲ್ಲ.

ಹುಬ್ಬಳ್ಳಿ ಹಾದಿಯೊಳಗ ನನಗೆ ಚಾಳೀಸಗಾಂವ್ ನೆನಪಾಯಿತು. ನಿಮಗೆಲ್ಲಾ ಗೊತ್ತಿರೂ ಪ್ರಸಂಗ, ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. 1929ರ ಅಕ್ಟೋಬರ್. ಅಸ್ಪೃಶ್ಯರ ಮ್ಯಾಲಿನ ದೌರ್ಜನ್ಯ ವಿಚಾರಣೆಗೆ ಮುಂಬೈ ಸರಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಸಾಹೇಬರು ಆ ಕಡೆ ಹೋಗಿದ್ದರು. ಆಗ ನಮ್ಮ ಧಾರವಾಡವೂ ಮುಂಬೈ ಪ್ರಾಂತದಾಗೇ ಇತ್ತು. ಸುಮಾರು ಅದೇ ಹೊತ್ತಿಗೆ ಇಲ್ಲಿ ನಮ್ಮ ಹುಡುಗರಿಗಾಗಿ ಸಾಹೇಬರ ಹಾಸ್ಟೆಲ್ಲೂ ಶುರು ಆಗಿತ್ತು. ಚಾಳೀಸಗಾಂವ್ ಸ್ಟೇಶನ್ನಿನಿಂದ ಮಹಾರವಾಡಾ ಎರಡು ಮೈಲು. ನಡಕೊಂಡು ಹೋಗಬಹುದಿತ್ತು. ಆದರೆ ಅಲ್ಲಿಯ ಜನ ತಮ್ಮ ನಾಯಕರನ್ನ ಟಾಂಗಾದಾಗ ಕರಕೊಂಡು ಹೋಗಬೇಕು ಅಂದರು. ಟಾಂಗಾ ಹೊಡಿಯೂ ಒಬ್ಬನೂ ಮಹಾರನ ಗಾಡಿ ಹೊಡಿಯಾಕ ಒಪ್ಪಲಿಲ್ಲ. ಕಡೀಕ ಒಂದು ರಾಜಿ ಆಯಿತು: ಟಾಂಗಾ ಬಾಡಿಗಿಗೆ ಕೊಡ್ತಾರ, ಹೊಡ್ಯಾಂವ ಬರೂದಿಲ್ಲ. ಎಂದೂ ಟಾಂಗಾ ಹೊಡಿಲಾರದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವಿ ಹತ್ತಿರ ಗಾಲಿ ಕಲ್ಲಿಗೆ ಸಿಕ್ಕಿ, ಸಾಹೇಬರು ಕಲ್ಲಿನ ಮ್ಯಾಲೆ ಬಿದ್ದು ಕಾಲು ಮುರಿಯಿತು. ಕುದರಿ ಮತ್ತು ಟಾಂಗಾ ಹೊಳಿಗೆ ಬಿದ್ದವು.

ಈ ಪ್ರಸಂಗ ನಾನು ಎಷ್ಟೋ ಭಾಷಣದಾಗ ಹೇಳೇನಿ. ಬ್ಯಾರಿಸ್ಟರ್ ಆದರೂ ಟಾಂಗಾ ಹೊಡಿಯಾಂವಗಿಂತ ಕೆಳಗ ಅಂತ ಜಾತಿ ಹ್ಯಾಂಗ ತೋರಿಸಿಕೊಡತೈತಿ ಅನ್ನೂದಕ್ಕೆ ಹೇಳ್ತಿದ್ದೆ. ಆ ರಾತ್ರಿ ಮಾತ್ರ ಲಗಾಮು ಹಿಡಿದ ನಮ್ಮವನೇ ಕಣ್ಣ ಮುಂದೆ ಬಂದ. ಅಂವಗ ಧೈರ್ಯ ಇತ್ತು, ಅಭಿಮಾನ ಇತ್ತು. ಲಗಾಮು ಹಿಡಿಯೂದನ್ನ ಯಾರೂ ಕಲಿಸಿರಲಿಲ್ಲ. ಮಾನ ಕಾಯೂ ಗಡಿಬಿಡಿಯೊಳಗ ಜೀವದ ಮಾತು ಮರೆತಿತ್ತು ಅಂತ ಸಾಹೇಬರೂ ಬರೀತಾರ. ನನ್ನ ಕಾರಿನ ಒಳಗ ಏನೈತಿ ಅಂತ ನನಗೂ ಯಾರೂ ಕಲಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಯಾಕ ಕೇಳಿರಲಿಲ್ಲ ಅನ್ನೂದಕ್ಕೆ ನಮ್ಮ ಅಪ್ಪನ ಸುದ್ದಿ ಹೇಳಬೇಕು.

ನಮ್ಮಪ್ಪ ದುರ್ಗದಬೈಲಿಗೆ ಹೋಗೂ ಹಾದಿಯೊಳಗ ನಲವತ್ತು ವರ್ಷ ಚಪ್ಪಲಿ ಹೊಲಿಕೋತ ಕೂತಾಂವ. ಒಂದು ಛತ್ರಿ, ಒಂದು ಮರದ ಪೆಟಗಿ, ಮೂರು ಕಾಲಿನ ಕಬ್ಬಿಣದ ಅಡಿ, ಉಳಿ, ರಂಪಿಗೆ, ಮೇಣದ ದಾರ. ನಾನು ಎರಡನೇತ್ತಾ ಇದ್ದಾಗ ಊಟದ ಡಬ್ಬಿ ಒಯ್ದು, ಅಪ್ಪ ನೀರು ಕುಡಿಯಾಕ ಎದ್ದ ಹೊತ್ತಿನಾಗ ರಂಪಿಗೆ ಹಿಡಿದು ಚರ್ಮ ಕತ್ತರಿಸಾಕ ಕೂತೆ. ಬಂದು ನೋಡಿದವನೇ ಕಪಾಳಕ್ಕ ಹೊಡೆದ. ಅಪ್ಪ ನನ್ನನ್ನ ಜೀವಮಾನದಾಗ ಹೊಡೆದದ್ದು ಅದೊಂದೇ ಸಲ. "ಇದನ್ನ ಮುಟ್ಟಿದಿ ಅಂದ್ರ ಕೈ ಮುರೀತೇನಿ. ಪೆನ್ನು ಹಿಡಿ" ಅಂದ. ನಾನು ಪೆನ್ನು ಹಿಡಿದೆ. ಕರ್ನಾಟಕ ಕಾಲೇಜಿನಾಗ ಓದಿದೆ, ಎಂಎ ಮಾಡಿದೆ. ಮನ್ಯಾಗ ಸ್ವಿಚ್ ಕೆಟ್ಟರೂ, ನಳ ಸೋರಿದರೂ ಯಾರನ್ನೋ ಕರಿಯೂದು ರೂಢಿ ಆಯಿತು. ಓದಿದಾಂವ ಕೈ ಹೊಲಸು ಮಾಡಿಕೊಳ್ಳೂದಿಲ್ಲ ಅನ್ನೂದು ನಾವು ಬೈಯೂ ಮಂದಿಯ ಬುದ್ಧಿ. ಅದು ನನ್ನೊಳಗ ಯಾವಾಗ ಬಂದು ಕೂತಿತು, ಗೊತ್ತಾಗಲಿಲ್ಲ.

ಭಾನುವಾರ ಮುಂಜಾನೆ ಮಗಳನ್ನ ಕರೆದೆ. ಒಂಬತ್ತನೇತ್ತಾ ಓದ್ತಾಳ. ಮೊಬೈಲಿನಾಗ ಒಂದು ವಿಡಿಯೋ ನೋಡಿದಿವಿ, ಓಣಿಯ ಹುಡುಗನ ಕಡೆ ಪಾನಾ ಇಸಕೊಂಡಿವಿ, ಶುರು ಮಾಡಿದಿವಿ. ನಿಮಗೂ ಉಪಯೋಗ ಆಗಬಹುದು, ಅದಕ್ಕೆ ಬಿಡಿಸಿ ಬರೀತೇನಿ. ನನ್ನದು ಕೈಯಿಂದ ಗ್ಲಾಸು ತಿರುಗಿಸೂ ಹಳೇ ನಮೂನಿ ಕಾರು. ಕರೆಂಟಿನ ಗ್ಲಾಸು ಇದ್ದರೆ ಒಳಗ ವೈರು ಇರ್ತಾವ, ಎಳೀಬ್ಯಾಡ್ರಿ.

ಮೊದಲು ಗ್ಲಾಸು ಪೂರಾ ಮ್ಯಾಲೆ ಏರಿಸಬೇಕು. ಒಳಗಿನ ಹ್ಯಾಂಡಲ್ಲಿನ ಸ್ಕ್ರೂ, ಬಾಗಲಾ ಎಳಿಯೂ ಹಿಡಿಕಿಯ ಸ್ಕ್ರೂ ಬಿಚ್ಚಬೇಕು. ಗ್ಲಾಸು ತಿರುಗಿಸೂ ಹ್ಯಾಂಡಲ್ಲಿಗೆ ಸ್ಕ್ರೂ ಕಾಣೂದಿಲ್ಲ. ಅದರ ಹಿಂದ ಕುದರಿ ಲಾಳದಂಥ ಸಣ್ಣ ತಂತಿ ಕ್ಲಿಪ್ ಇರತೈತಿ. ಹ್ಯಾಂಡಲ್ಲಿಗೂ ಬಾಗಲದ ಪ್ಯಾಡಿಗೂ ನಡುವ ಹಳೇ ಬಟ್ಟಿ ತುರುಕಿ, ಆ ಕಡೆ ಈ ಕಡೆ ತಿಕ್ಕಿದರೆ ಕ್ಲಿಪ್ ಹಾರಿ ಬರತೈತಿ. ನಮ್ಮದು ಹಾರಿ ಗಟಾರಕ್ಕ ಬಿತ್ತು, ಮಗಳು ಹುಡುಕಿ ತಂದಳು. ಆಮೇಲೆ ಪ್ಯಾಡಿನ ಸುತ್ತಲ ಪ್ಲಾಸ್ಟಿಕ್ ಗುಂಡಿಗಳನ್ನ ಕೆಳಗಿನಿಂದ ಒಂದೊಂದಾಗಿ ಸಾವಕಾಶ ಎಬ್ಬಿಸಬೇಕು. ಪ್ಯಾಡು ಕೈಗೆ ಬಂದಮೇಲೆ ಒಂದು ಪ್ಲಾಸ್ಟಿಕ್ ಹಾಳಿ ಅಂಟಿಸಿರತಾರ. ಹರಿಯಬ್ಯಾಡ್ರಿ. ಬಾಗಲದೊಳಗ ಇಳಿಯೂ ಮಳಿ ನೀರು ಕಾರಿನೊಳಗ ಬರಲಾರದಂಗ ತಡಿಯೂದು ಅದೇ. ಅರ್ಧ ಬಿಚ್ಚಿ ಮಡಚಿ ಹಿಡೀರಿ.

ಮಗಳು ಟಾರ್ಚ್ ಹಿಡಿದು ಒಳಗ ಇಣುಕಿದಳು. "ಪಪ್ಪಾ, ಹ್ಯಾಂಡಲ್ ಎತ್ರಿ" ಅಂದಳು. ಎತ್ತಿದೆ. "ಸಿಕ್ತು!"

ಹೊರಗಿನ ಹ್ಯಾಂಡಲ್ಲಿನಿಂದ ಬಾಗಲದ ಅಂಚಿನ ಕೊಕ್ಕಿಗೆ ಒಂದು ತೆಳು ಕಬ್ಬಿಣದ ರಾಡು ಹೋಗತೈತಿ. ಹ್ಯಾಂಡಲ್ ಎತ್ತಿದರೆ ರಾಡು ಸರೀತೈತಿ, ರಾಡು ಸರಿದರೆ ಕೊಕ್ಕಿ ಬಿಡತೈತಿ, ಬಾಗಲಾ ತೆರೀತೈತಿ. ಇಷ್ಟೇ. ರಾಡು ಹ್ಯಾಂಡಲ್ಲಿನ ತೂತಿನಿಂದ ಜಾರಲಾರದಂಗ ಹಿಡಿಯಾಕ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಕ್ಲಿಪ್ ಇರತೈತಿ. ವರ್ಷಗಟ್ಟಲೆ ಬಿಸಲಿಗೆ ಅದು ಒಣಗಿ, ಎರಡು ತುಂಡಾಗಿ ಬಾಗಲದ ತಳಕ್ಕ ಬಿದ್ದಿತ್ತು. ರಾಡು ಸುಮ್ಮನೆ ಜೋತು ಬಿದ್ದಿತ್ತು. ಹ್ಯಾಂಡಲ್ ಚೊಲೋ ಇತ್ತು, ಕೊಕ್ಕಿ ಚೊಲೋ ಇತ್ತು, ನಡುವಿನ ಒಂದು ಕೊಂಡಿ ಇರಲಿಲ್ಲ. ಮೂರೂವರಿ ಸಾವಿರದ ಕೆಲಸ, ಮತ್ತು ಇಪ್ಪತ್ತು ಮಂದಿಯ ನಗಿ, ಆ ಕ್ಲಿಪ್ಪಿನೊಳಗ ಇತ್ತು.

ಬಾಗಲದ ತಳದಾಗ ನೀರು ಹೋಗೂ ಸಣ್ಣ ತೂತುಗಳು ಇರ್ತಾವ. ಮಣ್ಣು ತುಂಬಿ ಬಂದಾಗಿದ್ದವು. ಕಡ್ಡಿಯಿಂದ ತಗದಿವಿ. ಇಲ್ಲಂದರೆ ನೀರು ಒಳಗ ನಿಂತು ಬಾಗಲಾ ತಳದಿಂದ ತುಕ್ಕು ಹಿಡೀತೈತಿ. ಕೊಕ್ಕಿಯ ಹಳೇ ಗ್ರೀಸು ಒರಿಸಿ ಹೊಸಾದು ಹಚ್ಚಿದಿವಿ.

ಕ್ಲಿಪ್ ಎಲ್ಲಿಂದ ತರೂದು? ಭಾನುವಾರ, ಬಿಡಿಭಾಗದ ಅಂಗಡಿ ಬಂದ್. ತಂತಿ ಸುತ್ತಿದೆ, ಎರಡು ಸಲ ಎತ್ತೂದರಾಗ ಬಿಚ್ಚಿ ಬಿತ್ತು. ಅಪ್ಪ ಕಟ್ಟಿ ಮ್ಯಾಲೆ ಕೂತು ಮುಂಜಾನಿಯಿಂದ ನೋಡ್ತಿದ್ದ. ಎಪ್ಪತ್ತೆಂಟು ವರ್ಷ, ಒಂದು ಕಣ್ಣಿನ ಆಪರೇಷನ್ ಆಗೇತಿ. ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

"ಯಪ್ಪಾ, ಇದಕ್ಕೇನು ಮಾಡೂಣು?" ಅಂದೆ.

ಎದ್ದು ಬಂದ. ರಾಡಿನ ತುದಿಯನ್ನ ಹೆಬ್ಬೆರಳು, ತೋರುಬೆರಳಿನ ನಡುವ ಹಿಡಿದು ತಿರುಗಿಸಿ ನೋಡಿದ. ಕಣ್ಣಿನಿಂದ ಅಲ್ಲ, ಬೆರಳಿನಿಂದ. ಒಳಗ ಹೋಗಿ ಹಳೇ ಪೆಟಗಿ ತಗದ. ಅದು ಹನ್ನೆರಡು ವರ್ಷದಿಂದ ಮಂಚದ ಕೆಳಗ ಇತ್ತು. ದಪ್ಪ ಚರ್ಮದ ತುಣುಕು ಆರಿಸಿ, ರಂಪಿಗೆಯಿಂದ ಗುಂಡಗ ಎರಡು ಬಿಲ್ಲಿ ಕತ್ತರಿಸಿ, ಮೇಣದ ದಾರದಿಂದ ಒಂದರ ಮ್ಯಾಲೊಂದು ಹೊಲಿದ. ಉಳಿಯಿಂದ ನಡುವ ತೂತು ಹಾಕಿದ.

"ತೂತು ಭಾಳ ಸಣ್ಣದಾತಲ್ಲಜ್ಜಾ" ಅಂದಳು ಮಗಳು.

"ಸಣ್ಣದಿರಬೇಕವಾ. ಒತ್ತಿ ಹಾಕಿದ್ರ ಹಿಡ್ಕೊಂತೈತಿ. ಸಲೀಸ ಹೋಗೂದು ಸಲೀಸ ಬಿಡತೈತಿ."

ನನ್ನ ಕೈ ಬಾಗಲದ ಸಂದಿಯೊಳಗ ಹಿಡಿಸಲಿಲ್ಲ. ಮಗಳ ಕೈ ಹಿಡಿಸಿತು. ಅಜ್ಜ ಹೊರಗಿನಿಂದ ಹೇಳ್ತಾ ಹೋದ, ಅಕಿ ಒಳಗ ರಾಡನ್ನ ತೂತಿಗೆ ಸೇರಿಸಿ, ಚರ್ಮದ ಬಿಲ್ಲಿ ಒತ್ತಿದಳು. ನಾನು ಖುಷಿಗೆ ಬಾಗಲಾ ಹಾಕಾಕ ಹೋದೆ. "ಹಾಕಬ್ಯಾಡ್ರಿ ಪಪ್ಪಾ!" ಅಂತ ಚೀರಿದಳು. ವಿಡಿಯೋದಾಗ ಹೇಳಿದ್ದರು, ಅಕಿ ನೆನಪಿಟ್ಟಿದ್ದಳು. ಬಾಗಲಾ ತೆರೆದಿದ್ದಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕಿಯನ್ನ ಒತ್ತಿ ಮುಚ್ಚಿ, ಆಮೇಲೆ ಹೊರಗಿನ ಹ್ಯಾಂಡಲ್ ಎತ್ತಿ ನೋಡಬೇಕು. ಕೊಕ್ಕಿ ಬಿಟ್ಟರೆ ಮಾತ್ರ ಬಾಗಲಾ ಹಾಕಬೇಕು. ಇಲ್ಲಂದರೆ ಎಲ್ಲಾ ಬಿಚ್ಚಿಟ್ಟ ಬಾಗಲಾ ಮುಚ್ಚಿ ಸಿಕ್ಕೊಂಡರೆ ದೇವರೇ ಗತಿ, ಆ ದೇವರ ಬಾಗಲದ ಸುದ್ದಿ ಮೊದಲೇ ಹೇಳೇನಿ. ಒತ್ತಿದೆವು. ಅಪ್ಪನಿಗೆ ಹ್ಯಾಂಡಲ್ ಎತ್ತಾಕ ಹೇಳಿದೆ. ಟಕ್ ಅಂತ ಕೊಕ್ಕಿ ಬಿಟ್ಟಿತು.

ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕ ಹೇಳಲಿ. "ಯಪ್ಪಾ, ನಿನ್ನ ಕೈಯಾಗ ಎಂಥಾ ವಿದ್ಯಾ ಐತಿ. ಇದರ ಮ್ಯಾಲೆ ನಾನು ಬರೀಬೇಕು" ಅಂದೆ.

ಅಪ್ಪ ರಂಪಿಗೆ ಒರಿಸಿ ಪೆಟಗಿಯೊಳಗ ಇಟ್ಟ. "ಬರಿ. ಆದ್ರ ಈ ಕೆಲಸ ಚೊಲೋ ಅಂತ ಬರೀಬ್ಯಾಡ. ಚೊಲೋ ಇದ್ದಿದ್ರ ಬ್ಯಾರೇದಾರೂ ಮಾಡ್ತಿದ್ರು. ಕೈ ಚೊಲೋ ಅಂತ ಬರಿ." ಸ್ವಲ್ಪ ತಡೆದು ಅಂದ: "ನಾಳಿ ಅಂಗಡ್ಯಾಗ ಹೊಸಾ ಕ್ಲಿಪ್ ತಂದು ಹಾಕು. ಚರ್ಮ ನೀರಿಗೆ ಹಿಗ್ಗತೈತಿ, ಮಳಿಗಾಲ ತಡಿಯೂದಿಲ್ಲ."

ಗೆಳೆಯರೇ, ನಾನು ಮೂವತ್ತು ವರ್ಷ ಓದಿ ಹೇಳಿದ್ದನ್ನ ಅಪ್ಪ ಎರಡು ಮಾತಿನಾಗ ಮುಗಿಸಿದ. 1936ರ "ಜಾತಿ ವಿನಾಶ"ದೊಳಗ ಬಾಬಾಸಾಹೇಬರು ತೋರಿಸಿದ್ದು ಇದನ್ನೇ: ಜಾತಿ ಕೆಲಸ ಹಂಚೂದಷ್ಟೇ ಅಲ್ಲ, ಕೆಲಸಗಾರರನ್ನೇ ಬ್ಯಾರೆ ಬ್ಯಾರೆ ಮಾಡಿ ಮೆಟ್ಟಲಾ ಮೆಟ್ಟಲಾ ಇಡತೈತಿ. ಹುಟ್ಟಿದ ಮನಿ ನೋಡಿ ಕೈಗೆ ಉಳಿ ಕೊಡತೈತಿ, ಆಮೇಲೆ ಉಳಿ ಹಿಡಿದ ಕೈಯನ್ನ ಹೊಲಸು ಅಂತೈತಿ. ಅಪ್ಪ ನನ್ನ ಕಪಾಳಕ್ಕ ಹೊಡೆದದ್ದು ಆ ಉಳಿಯಿಂದ ನನ್ನನ್ನ ಬಿಡಸಾಕ. ಆ ಏಟಿಗೆ ನಾನು ಇವತ್ತೂ ಋಣಿ. ಆದರೆ ಉಳಿ ಬಿಡೂ ಹೊತ್ತಿನಾಗ ಕೈಯೊಳಗಿನ ತಿಳುವಳಿಕಿನೂ ಬಿಟ್ಟೆ. ಅದನ್ನ ಬಿಡು ಅಂತ ಅಪ್ಪ ಹೇಳಿರಲಿಲ್ಲ. ಕುಲಕಸುಬು ಪವಿತ್ರ ಅಂತ ಹಾಡಿ ಹೊಗಳಾವ್ರು ಇದಾರ, ಅವರ ಮಾತು ಕೇಳಬ್ಯಾಡ್ರಿ. ಅವರ ಮಕ್ಕಳು ಒಬ್ಬರೂ ಉಳಿ ಹಿಡಿಯೂದಿಲ್ಲ. ಕೈಕೆಲಸ ಅಂದ್ರ ಸಣ್ಣದು ಅನ್ನಾವ್ರ ಮಾತೂ ಕೇಳಬ್ಯಾಡ್ರಿ. ನಮ್ಮ ಮಗಳು ಬಾಗಲದೊಳಗ ಕೈ ಹಾಕಿದ್ದು ಅಕಿ ಇಂಥಾ ಜಾತಿಯಾಗ ಹುಟ್ಟ್ಯಾಳ ಅಂತಲ್ಲ. ಅಕಿಗೆ ಬೇಕಾಗಿತ್ತು, ಕಲಿತಳು.

ಸೋಮವಾರ ಗಣೇಶಪೇಟೆ ಕಡೆ ಹೋದಾಗ ಕ್ಲಿಪ್ ಸಿಕ್ಕಿತು. ಹತ್ತು ರೂಪಾಯಿ. ಮಗಳೇ ಹಾಕಿದಳು. ಚರ್ಮದ ಬಿಲ್ಲಿ ಅಕಿ ಕಂಪಾಸ ಪೆಟಗಿಯೊಳಗ ಐತಿ.

ಬುಧವಾರ ಮತ್ತೆ ಆ ಹಳ್ಳಿಗೆ ಹೋಗಿದ್ದೆ. ಕಟ್ಟಿ ಮ್ಯಾಲೆ ಅವರೇ ಇದ್ದರು. ಕಾರಿನ ಬಾಗಲಾ ಹಾಕಿದೆ, ಗ್ಲಾಸು ಪೂರಾ ಏರಿಸಿದ್ದೆ. ದೂರು ಬರೆಯೂ ಕೆಲಸ ಮುಗಿಸಿ ಬಂದು ಹ್ಯಾಂಡಲ್ ಎತ್ತಿದೆ, ತೆರೆಯಿತು. ಯಾರೂ ಏನೂ ಅನ್ನಲಿಲ್ಲ. ಯಾರೂ ಗಮನಿಸಲಿಲ್ಲ ಅಂತಲೇ ಅನ್ನಬೇಕು. ಗುಡಿ ಬಾಗಲಾ ಇನ್ನೂ ತೆರೆದಿಲ್ಲ. ಆದರೆ ದೂರಿನ ಕೆಳಗ ಮೊದಲ ಸಹಿ ಆ ಮದುವಣಗಿತ್ತಿದು. "ಮಾವಾರ ಹೆಸರಿನಾಗ ಬರಿಯೂಣೇನವಾ?" ಅಂತ ಕೇಳಿದ್ದಕ್ಕೆ, "ಯಾಕ್ರೀ ಅಣ್ಣಾ, ಬಿಸಲಾಗ ನಿಂತಾಕಿ ನಾನು" ಅಂದಳು.

ಮುಂದಿನ ಭಾನುವಾರ ನಮ್ಮ ಅಭ್ಯಾಸ ವರ್ಗ ಎಂದಿನಂತೆ ಮುಂಜಾನೆ ಹತ್ತಕ್ಕ ನಮ್ಮ ಮನ್ಯಾಗ. ಈ ಸಲ ಒಂದು ತಾಸು ಪುಸ್ತಕ, ಒಂದು ತಾಸು ಪಾನಾ. ಕಾರಿನ ಬಾಗಲಾ ಮತ್ತೆ ಬಿಚ್ಚತೇವಿ. ನಿಮ್ಮ ಹೆಣ್ಣಮಕ್ಕಳನ್ನ ಕರಕೊಂಡು ಬರ್ರಿ. ಕಲಿಸಾಕಿ ನನ್ನ ಮಗಳು. ಅಪ್ಪನೂ ಕೂಡ್ತೇನಿ ಅಂದಾನ, ಒಂದು ಕರಾರು ಹಾಕ್ಯಾನ: ಶಾಲು ಹೊಚ್ಚಬಾರದು, ಸತ್ಕಾರ ಮಾಡಬಾರದು, ಪ್ರಶ್ನೆ ಕೇಳಬೇಕು.

ಸ್ಕ್ರೂಡ್ರೈವರ್ ಇದ್ದವರು ತರ್ರಿ. ನಮ್ಮನ್ಯಾಗ ಒಂದೇ ಐತಿ.

ಜೈ ಭೀಮ್.